ಸೈಪ್ರಸ್ ದ್ವೀಪದಲ್ಲಿ ಕಣ್ಮುಚ್ಚಿದ ಕೊಡಗಿನ ಸೇನಾನಿ

ಸೈಪ್ರಸ್ ದ್ವೀಪದ ಹೆಸರು ಕಥೋಲಿಕ ಕುಟುಂಬಗಳಿಗೆ ಅಪರಿಚಿತವಲ್ಲ. ಸಂತ ಬಾರ್ನಬರು ಆ ದ್ವೀಪದವರು. ಸಂತ ಪೌಲರು ತಮ್ಮ ಮೊದಲ ಧರ್ಮಪ್ರಚಾರ ಯಾತ್ರೆಯಲ್ಲಿ ಅವರೊಡನೆ ಹಡಗೇರಿ ಬಂದಿಳಿದದ್ದು ಅಲ್ಲಿಯ ಸಲಮಿಸ್ ಪಟ್ಟಣದಲ್ಲಿ. ಪಾಫೊಸ್‌ನಲ್ಲಿ ರೋಮನ್ ರಾಜ್ಯಪಾಲನು ವಿಶ್ವಾಸ ಸ್ವೀಕರಿಸಿದ ವೃತ್ತಾಂತವನ್ನು ಪ್ರೇಷಿತರ ಕಾರ್ಯಕಲಾಪಗಳ 13ನೆಯ ಅಧ್ಯಾಯದಲ್ಲಿ ಓದಿದ್ದೇವೆ. ಅದೇ ದ್ವೀಪದಲ್ಲಿ, 1965ರ ಡಿಸೆಂಬರ್ 18ರಂದು, ಕ್ರಿಸ್ತಜಯಂತಿಗೆ ವಾರವೊಂದೇ ಉಳಿದಿದ್ದಾಗ, ಕರ್ನಾಟಕದ ಪುತ್ರರೊಬ್ಬರು ಹೃದಯಾಘಾತದಿಂದ ಕೊನೆಯುಸಿರೆಳೆದರು. ಅವರೇ ಜನರಲ್ ಕೊಡಂದೇರ ಸುಬ್ಬಯ್ಯ ತಿಮ್ಮಯ್ಯ. ಎರಡು ಜನಾಂಗಗಳು ಪರಸ್ಪರ ಕೊಲ್ಲುತ್ತಿದ್ದ ನಾಡಿನಲ್ಲಿ, ಹೊರಗಿನ ಸೈನ್ಯಗಳು ನುಗ್ಗಲು ತುದಿಗಾಲಲ್ಲಿ ನಿಂತಿದ್ದಾಗ, ಅವರು ವಿಶ್ವಸಂಸ್ಥೆಯ ಶಾಂತಿಪಡೆಯ ದಂಡನಾಯಕರಾಗಿದ್ದರು.

ಕುಮಟಾ, ಹೊನ್ನಾವರಗಳಿಂದ ಬೆಳಕೆ, ಭಟ್ಕಳದವರೆಗಿನ ನಮ್ಮ ಕರಾವಳಿಯ ಎಷ್ಟೋ ಮನೆಗಳ ಮಕ್ಕಳು ಸಮುದ್ರದಾಚೆ ದುಡಿಯುತ್ತಾರೆ. 1990ರಲ್ಲಿ ಕುವೈತಿನ ಮೇಲೆ ಆಕ್ರಮಣವಾದಾಗ ಈ ಕಡೆಯ ಮನೆಗಳಲ್ಲಿ ಒಲೆ ಹೊತ್ತಿಸಲೂ ಮನಸ್ಸಿರಲಿಲ್ಲ. ಪರದೇಶದ ಕಲಹಕ್ಕೆ ಪ್ರಬಲ ರಾಷ್ಟ್ರಗಳು ಕೈಹಾಕಿದರೆ ಏನಾಗುತ್ತದೆ ಎಂಬುದನ್ನು ಇಲ್ಲಿಯ ತಾಯಂದಿರಿಗೆ ಯಾರೂ ಕಲಿಸಬೇಕಾಗಿಲ್ಲ. ಆದುದರಿಂದ ಈ ಸೇನಾನಿಯ ಬಾಳನ್ನು, ವಿಶೇಷವಾಗಿ ಅದರ ಕೊನೆಯ ಹದಿನೇಳು ತಿಂಗಳನ್ನು ನಾವು ಅರಿಯುವುದು ಒಳ್ಳೆಯದು.

ತಿಮ್ಮಯ್ಯನವರು 1906ರ ಮಾರ್ಚ್ ತಿಂಗಳಲ್ಲಿ ಮಡಿಕೇರಿಯಲ್ಲಿ ಕಾಫಿ ಬೆಳೆಗಾರರ ಮನೆತನದಲ್ಲಿ ಜನಿಸಿದರು. ಎಂಟನೆಯ ವಯಸ್ಸಿನಲ್ಲಿ ಅವರನ್ನು ಕೂನೂರಿನ ಸಂತ ಜೋಸೆಫರ ಶಾಲೆಗೆ ಕಳುಹಿಸಲಾಯಿತು. ಅದನ್ನು ನಡೆಸುತ್ತಿದ್ದವರು ಐರಿಷ್ ಧರ್ಮಸಹೋದರರು. ಅನಂತರ ಬೆಂಗಳೂರಿನ ಬಿಷಪ್ ಕಾಟನ್ ಶಾಲೆ, ದೆಹರಾದೂನಿನ ಸೈನಿಕ ವಿದ್ಯಾಲಯ, ಇಂಗ್ಲೆಂಡಿನ ಸ್ಯಾಂಡ್‌ಹರ್ಸ್ಟ್. 1926ರಲ್ಲಿ ಸೇನಾಧಿಕಾರಿಯಾಗಿ ನೇಮಕಗೊಂಡರು. 1935ರಲ್ಲಿ ನೀನಾ ಕಾರಿಯಪ್ಪ ಅವರೊಡನೆ ವಿವಾಹವಾಯಿತು. ಅದೇ ವರ್ಷ ಕ್ವೆಟ್ಟಾ ನಗರವನ್ನು ನೆಲಸಮ ಮಾಡಿದ ಭೂಕಂಪದಲ್ಲಿ ಆ ತರುಣ ದಂಪತಿಗಳು ಗಾಯಾಳುಗಳ ಸೇವೆಗೆ ನಿಂತರು.

ಎರಡನೆಯ ಮಹಾಯುದ್ಧ ಅವರ ಮನೆಯನ್ನೇ ಇಬ್ಭಾಗ ಮಾಡಿತು. ತಿಮ್ಮಯ್ಯನವರು ಬ್ರಿಟಿಷ್ ಭಾರತೀಯ ಸೇನೆಯಲ್ಲಿ ಬರ್ಮಾದ ಅರಾಕಾನ್ ರಣರಂಗದಲ್ಲಿದ್ದರೆ, ಅಣ್ಣ ಪೊನ್ನಪ್ಪನವರು ಸುಭಾಷರ ಆಜಾದ್ ಹಿಂದ್ ಫೌಜನ್ನು ಸೇರಿದ್ದರು. ರಣರಂಗದಲ್ಲಿ ಬ್ರಿಗೇಡೊಂದನ್ನು ಮುನ್ನಡೆಸಿದ ಪ್ರಥಮ ಭಾರತೀಯ ಎಂಬ ಕೀರ್ತಿ ತಿಮ್ಮಯ್ಯನವರದಾಯಿತು. 1945ರಲ್ಲಿ ಸಿಂಗಾಪುರದಲ್ಲಿ ಜಪಾನೀಯರು ಶರಣಾದಾಗ ಭಾರತದ ಸೇನೆಯ ಪರವಾಗಿ ಹಾಜರಿದ್ದವರೂ ಅವರೇ. ಒಂದೇ ತಾಯಿಯ ಮಕ್ಕಳು ಎದುರುಬದುರು ಪಡೆಗಳಲ್ಲಿ ನಿಲ್ಲುವುದೆಂದರೇನು ಎಂಬುದನ್ನು ಅವರು ಪುಸ್ತಕದಿಂದ ಕಲಿಯಲಿಲ್ಲ.

1947ರಲ್ಲಿ ದೇಶ ವಿಭಜನೆಯಾದಾಗ ಪಂಜಾಬಿನ ರಕ್ತಪಾತವನ್ನು ಕಣ್ಣಾರೆ ಕಂಡರು. ಮರುವರ್ಷ ಕಾಶ್ಮೀರದಲ್ಲಿ ಅವರು ನಡೆಸಿದ ಸಾಹಸ ಸೈನಿಕ ಇತಿಹಾಸದಲ್ಲಿ ಸೇರಿದೆ. ಹನ್ನೊಂದು ಸಾವಿರ ಅಡಿಗೂ ಮೀರಿದ ಜೋಜಿಲಾ ಕಣಿವೆಗೆ ಟ್ಯಾಂಕುಗಳನ್ನು ಗುಟ್ಟಾಗಿ ಸಾಗಿಸಿ, 1948ರ ನವೆಂಬರ್ 1ರಂದು ಮುಂಚೂಣಿಯ ಟ್ಯಾಂಕಿನಲ್ಲಿ ತಾವೇ ಕುಳಿತು ದಾರಿ ತೆರೆಸಿದರು. ತಮ್ಮ ಸೋಮಯ್ಯನವರನ್ನು ಅವರು ಕಳೆದುಕೊಂಡದ್ದೂ ಆ ಕಾಶ್ಮೀರದ ಕಾರ್ಯಾಚರಣೆಯಲ್ಲಿಯೇ.

ಮುಂದೆ ಬಂದದ್ದು ಕೊರಿಯಾ. ಒಂದೇ ಭಾಷೆಯಾಡುವ ಜನರ ನಡುವೆ ಹುಟ್ಟಿದ ಯುದ್ಧ ಅಮೆರಿಕ ಮತ್ತು ಚೀನಗಳನ್ನು ನೇರ ಕಾಳಗಕ್ಕೆ ಎಳೆದುತಂದಿತ್ತು. 1953ರ ಜುಲೈಯಲ್ಲಿ ಕದನವಿರಾಮವಾಯಿತು. ಆದರೆ ಸ್ವದೇಶಕ್ಕೆ ಮರಳಲು ಒಪ್ಪದ 22 ಸಾವಿರಕ್ಕೂ ಹೆಚ್ಚು ಯುದ್ಧಕೈದಿಗಳ ಪ್ರಶ್ನೆ ಉಳಿದುಕೊಂಡಿತು. ಅದನ್ನು ಬಗೆಹರಿಸಲು ರಚಿತವಾದ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ ತಿಮ್ಮಯ್ಯನವರು ಅಧ್ಯಕ್ಷರಾದರು. ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ಅವರಿಗೆ ಭಾರತೀಯ ಸೈನಿಕರು ತಮ್ಮ ನೆಲ ಮೆಟ್ಟುವುದೂ ಬೇಡವಾಗಿತ್ತು; ಹಡಗಿನಿಂದ ಹೆಲಿಕಾಪ್ಟರುಗಳಲ್ಲಿ ಅವರನ್ನು ಗಡಿಯ ತಟಸ್ಥ ವಲಯಕ್ಕೆ ಇಳಿಸಬೇಕಾಯಿತು. ಕೈದಿಗಳನ್ನು ಬಲವಂತದಿಂದ ಒಂದು ಕಡೆಗೂ ದೂಡಲು ತಿಮ್ಮಯ್ಯನವರು ಒಪ್ಪಲಿಲ್ಲ. 1954ರ ಜನವರಿಯಲ್ಲಿ ಅವರವರನ್ನು ಹಿಡಿದಿದ್ದ ಪಕ್ಷಗಳಿಗೇ ಒಪ್ಪಿಸಿ ಹಿಂದಿರುಗಿದರು. ಎರಡು ಕಡೆಯವರೂ ಗೊಣಗಿದರು, ಆದರೆ ನಿಂತ ಯುದ್ಧ ಮತ್ತೆ ಹೊತ್ತಿಕೊಳ್ಳಲಿಲ್ಲ.

1957ರಿಂದ 1961ರವರೆಗೆ ಅವರು ಭೂಸೇನೆಯ ಮುಖ್ಯಸ್ಥರಾಗಿದ್ದರು. ರಕ್ಷಣಾ ಸಚಿವ ಕೃಷ್ಣ ಮೆನನ್ನರೊಡನೆ ಉಂಟಾದ ವಿರಸ, 1959ರಲ್ಲಿ ಕೊಟ್ಟ ರಾಜೀನಾಮೆ, ನೆಹರೂ ಅವರ ಮಾತಿಗೆ ಅದನ್ನು ಹಿಂತೆಗೆದುಕೊಂಡದ್ದು ಇವೆಲ್ಲ ಬಹಳ ಚರ್ಚೆಗೊಳಗಾದ ಸಂಗತಿಗಳು. ಇಲ್ಲಿ ಅವನ್ನು ಬೆಳೆಸಬೇಕಾಗಿಲ್ಲ. ನಿವೃತ್ತರಾಗಿ ಕೊಡಗಿಗೆ ಮರಳಿದ ಅವರಿಗೆ 1964ರಲ್ಲಿ ವಿಶ್ವಸಂಸ್ಥೆಯಿಂದ ಕರೆ ಬಂದಿತು.

ಸೈಪ್ರಸ್ಸಿನಲ್ಲಿ ನಡೆದುದೇನು? ಮೂರು ಶತಮಾನ ಒಟ್ಟೋಮನ್ನರು, ಬಳಿಕ ಬ್ರಿಟಿಷರು ಆಳಿದ ಆ ದ್ವೀಪ 1960ರ ಆಗಸ್ಟಿನಲ್ಲಿ ಸ್ವತಂತ್ರವಾಯಿತು. ಪ್ರಜೆಗಳಲ್ಲಿ ಐದರಲ್ಲಿ ನಾಲ್ಕು ಪಾಲು ಗ್ರೀಕ್ ಭಾಷೆಯ ಆರ್ಥಡಾಕ್ಸ್ ಕ್ರೈಸ್ತರು; ಉಳಿದವರಲ್ಲಿ ಬಹುಪಾಲು ತುರ್ಕಿ ಭಾಷೆಯ ಮುಸಲ್ಮಾನರು. ಮರೊನೈಟ್ ಮತ್ತು ಲ್ಯಾಟಿನ್ ಕಥೋಲಿಕರು ಬೆರಳೆಣಿಕೆಯಷ್ಟು. ಆರ್ಥಡಾಕ್ಸ್ ಮಹಾಧರ್ಮಾಧ್ಯಕ್ಷ ಮಕಾರಿಯೋಸ್ ರಾಷ್ಟ್ರಾಧ್ಯಕ್ಷರು, ತುರ್ಕಿ ಜನರ ನಾಯಕ ಡಾ. ಕುಚುಕ್ ಉಪಾಧ್ಯಕ್ಷರು. (ಧರ್ಮಾಧ್ಯಕ್ಷರು ರಾಜ್ಯಭಾರ ಮಾಡುವುದು ನಮಗೆ ವಿಚಿತ್ರವಾಗಿ ಕಾಣಬಹುದು. ಒಟ್ಟೋಮನ್ನರ ಕಾಲದಿಂದಲೂ ಅಲ್ಲಿಯ ಗ್ರೀಕ್ ಜನರ ಲೌಕಿಕ ಮುಖಂಡತ್ವ ಅವರ ಕೈಯಲ್ಲಿಯೇ ಇತ್ತು.) ಹೊಸ ಸಂವಿಧಾನಕ್ಕೆ ಬ್ರಿಟನ್, ಗ್ರೀಸ್, ತುರ್ಕಿಗಳು ಜಾಮೀನುದಾರರಾಗಿ ನಿಂತವು. ಈ ಜಾಮೀನಿನಲ್ಲಿಯೇ ವಿಷದ ಬೀಜವಿತ್ತು ಎಂದು ನನ್ನ ಅಭಿಪ್ರಾಯ. ಮನೆಯ ಜಗಳಕ್ಕೆ ಮೂವರು ನೆರೆಯವರು ದೊಣ್ಣೆ ಹಿಡಿದು ಬರುವ ಹಕ್ಕನ್ನು ಕಾಗದದ ಮೇಲೆಯೇ ಪಡೆದಿದ್ದರು.

1963ರ ನವೆಂಬರಿನಲ್ಲಿ ಮಕಾರಿಯೋಸರು ಸಂವಿಧಾನಕ್ಕೆ ಹದಿಮೂರು ತಿದ್ದುಪಡಿಗಳನ್ನು ಸೂಚಿಸಿದರು. ತುರ್ಕಿ ಪಕ್ಷ ಒಪ್ಪಲಿಲ್ಲ. ಡಿಸೆಂಬರ್ 21ರಿಂದ ಕೊಲೆಗಳಾರಂಭವಾಗಿ, ಜಗತ್ತು ಕ್ರಿಸ್ತಜಯಂತಿ ಆಚರಿಸುತ್ತಿದ್ದ ವಾರದಲ್ಲಿ ನಿಕೋಸಿಯ ನಗರದ ಬೀದಿಗಳಲ್ಲಿ ರಕ್ತ ಹರಿಯಿತು. ಬ್ರಿಟಿಷ್ ಅಧಿಕಾರಿಗಳು ಭೂಪಟದ ಮೇಲೆ ಹಸಿರು ಬಣ್ಣದಲ್ಲಿ ಗೆರೆಯೆಳೆದು ನಗರವನ್ನು ಎರಡು ಮಾಡಿದರು. ಜಗದ್ಗುರು 23ನೆಯ ಜಾನರು ಲೋಕಶಾಂತಿಯನ್ನು ಕುರಿತ ತಮ್ಮ ಪರಿಪತ್ರವನ್ನು ಹೊರಡಿಸಿ ಆಗಿನ್ನೂ ಒಂದು ವರ್ಷವೂ ತುಂಬಿರಲಿಲ್ಲ.

1964ರ ಮಾರ್ಚ್ 4ರಂದು ಭದ್ರತಾ ಮಂಡಳಿ ಶಾಂತಿಪಡೆಯನ್ನು ರಚಿಸಲು ನಿರ್ಣಯಿಸಿತು. ಆದರೆ ಜೂನ್ ಆರಂಭದಲ್ಲಿ ತುರ್ಕಿ ದ್ವೀಪದ ಮೇಲೆ ಸೈನ್ಯ ಇಳಿಸಲು ಸಿದ್ಧವಾಯಿತು. ಗ್ರೀಸ್ ಮತ್ತು ತುರ್ಕಿಗಳೆರಡೂ ಅಮೆರಿಕದ ನ್ಯಾಟೋ ಕೂಟದ ಸದಸ್ಯರು. ಮಕಾರಿಯೋಸರು ಸೋವಿಯತ್ ಒಕ್ಕೂಟದ ಸ್ನೇಹ ಬೆಳೆಸಿದ್ದರು. ಕ್ಯೂಬಾದ ಕ್ಷಿಪಣಿಗಳ ಭಯದಿಂದ ಜಗತ್ತು ಉಸಿರು ಬಿಗಿಹಿಡಿದು ಕುಳಿತು ಎರಡು ವರ್ಷವೂ ಆಗಿರಲಿಲ್ಲ. ಜೂನ್ 5ರಂದು ಅಮೆರಿಕದ ಅಧ್ಯಕ್ಷ ಜಾನ್ಸನ್ನರು ತುರ್ಕಿಯ ಪ್ರಧಾನಿ ಇನೊನು ಅವರಿಗೆ ಕಟುವಾದ ಪತ್ರ ಬರೆದರು. ಈ ಆಕ್ರಮಣದಿಂದ ರಷ್ಯಾ ಕೆರಳಿ ಕೈಹಾಕಿದರೆ ತುರ್ಕಿಯ ರಕ್ಷಣೆಗೆ ನ್ಯಾಟೋ ಬರುವುದೆಂದು ನೆಚ್ಚಬಾರದು ಎಂಬುದು ಅದರ ಸಾರಾಂಶ. ತುರ್ಕಿಯ ಸೈನ್ಯ ಅಂದು ಹಡಗೇರಲಿಲ್ಲ.

ಮೊದಲ ದಂಡನಾಯಕರಾಗಿದ್ದವರೂ ಭಾರತೀಯರೇ, ಜನರಲ್ ಗ್ಯಾನಿ. ಅವರಿಂದ ಜುಲೈಯಲ್ಲಿ ತಿಮ್ಮಯ್ಯನವರು ಅಧಿಕಾರ ವಹಿಸಿಕೊಂಡರು. ಕೆನಡ, ಡೆನ್ಮಾರ್ಕ್, ಫಿನ್ಲೆಂಡ್, ಸ್ವೀಡನ್, ಬ್ರಿಟನ್, ಐರ್ಲೆಂಡುಗಳ ಸುಮಾರು ಆರು ಸಾವಿರ ಸೈನಿಕರು ಅವರ ಕೈಕೆಳಗಿದ್ದರು. ಬಾಲ್ಯದಲ್ಲಿ ಐರಿಷ್ ಸಹೋದರರ ಶಿಸ್ತಿಗೆ ಒಳಗಾಗಿದ್ದ ಹುಡುಗ, ಇಳಿವಯಸ್ಸಿನಲ್ಲಿ ಐರಿಷ್ ಸೈನಿಕರಿಗೆ ಆಜ್ಞೆ ಕೊಡುವಂತಾಯಿತು. ಆತ್ಮರಕ್ಷಣೆಗಲ್ಲದೆ ಗುಂಡು ಹಾರಿಸುವ ಅಧಿಕಾರ ಈ ಪಡೆಗೆ ಇರಲಿಲ್ಲ. ಜೋಜಿಲಾದಲ್ಲಿ ಟ್ಯಾಂಕು ನುಗ್ಗಿಸಿದ ವೀರನಿಗೆ ಇದು ಬೇರೆಯೇ ಬಗೆಯ ಪರೀಕ್ಷೆ.

ತಿಂಗಳು ಕಳೆಯುವಷ್ಟರಲ್ಲಿ ಆ ಪರೀಕ್ಷೆ ಬಂದೇಬಿಟ್ಟಿತು. ಆಗಸ್ಟಿನಲ್ಲಿ ವಾಯವ್ಯ ಕರಾವಳಿಯ ಕೊಕ್ಕಿನಾ ಎಂಬಲ್ಲಿ ತುರ್ಕಿ ಜನರ ನೆಲೆಯ ಮೇಲೆ ಗ್ರೀಕ್ ಪಡೆಗಳು ಬಿದ್ದವು. 8 ಮತ್ತು 9ರಂದು ತುರ್ಕಿಯ ವಿಮಾನಗಳು ಬಂದು ಬಾಂಬು ಸುರಿಸಿದವು. ಮಕಾರಿಯೋಸರು ಸೋವಿಯತ್ ಒಕ್ಕೂಟದ ನೆರವು ಬೇಡಿದರು, ಕ್ರುಶ್ಚೇವರು ತುರ್ಕಿಗೆ ಎಚ್ಚರಿಕೆ ನೀಡಿದರು. ಆ ವಿಮಾನಗಳನ್ನು ತಡೆಯುವ ಶಕ್ತಿ ಶಾಂತಿಪಡೆಗೆ ಇರಲಿಲ್ಲ. ಇತ್ತೆಂದು ಹೇಳುವುದು ಸತ್ಯಕ್ಕೆ ಅಪಚಾರ. ಭದ್ರತಾ ಮಂಡಳಿಯ ಕರೆಗೆ ಓಗೊಟ್ಟು ಗುಂಡಿನ ಸದ್ದು ನಿಂತಾಗ, ಅದನ್ನು ನೆಲದ ಮೇಲೆ ಉಳಿಸಿಕೊಳ್ಳುವ ಹೊಣೆ ತಿಮ್ಮಯ್ಯನವರ ಪಡೆಯ ಮೇಲೆ ಬಿದ್ದಿತು.

ಅವರ ಕಾರ್ಯ ಎಂತಹುದೆಂದು ತಿಳಿಯಲು ಕಿರೀನಿಯ ರಸ್ತೆಯ ಪ್ರಕರಣವನ್ನು ನೋಡಬೇಕು. ಒಪ್ಪಂದದಂತೆ ತುರ್ಕಿಯ 650 ಸೈನಿಕರು ದ್ವೀಪದಲ್ಲಿರಬಹುದಾಗಿತ್ತು. ಗಲಭೆಯಾದಾಗ ಅವರು ಶಿಬಿರ ಬಿಟ್ಟು, ನಿಕೋಸಿಯದಿಂದ ಉತ್ತರದ ಕಿರೀನಿಯ ಬಂದರಿಗೆ ಹೋಗುವ ಹೆದ್ದಾರಿಯಲ್ಲಿ ಬೀಡುಬಿಟ್ಟಿದ್ದರು. ಗ್ರೀಕರಿಗೆ ಆ ದಾರಿ ಮುಚ್ಚಿತ್ತು. ಇವರಲ್ಲಿ ಅರ್ಧದಷ್ಟು ಮಂದಿಯನ್ನು ಬದಲಾಯಿಸಿ ಹೊಸಬರನ್ನು ತರಲು ತುರ್ಕಿ ಹಟ ಹಿಡಿಯಿತು. ಮಕಾರಿಯೋಸರು ಬಿಡಲೊಲ್ಲೆ ಎಂದರು. ಕೆಲವು ನೂರು ಸಿಪಾಯಿಗಳ ಬದಲಾವಣೆಯ ನೆಪದಲ್ಲಿ ಮತ್ತೊಮ್ಮೆ ಯುದ್ಧ ಹೊತ್ತಿಕೊಳ್ಳುವಂತಿತ್ತು. ಅಕ್ಟೋಬರ್ ಕೊನೆಯಲ್ಲಿ ಒಪ್ಪಂದವಾಯಿತು: ಸೈನಿಕರು ಬದಲಾಗಲಿ, ರಸ್ತೆಯ ಮೇಲ್ವಿಚಾರಣೆ ವಿಶ್ವಸಂಸ್ಥೆಗಿರಲಿ. ಅಂದಿನಿಂದ ಶಾಂತಿಪಡೆಯ ವಾಹನಗಳ ಬೆಂಗಾವಲಿನಲ್ಲಿ ಗ್ರೀಕ್ ಜನರು ಆ ದಾರಿಯಲ್ಲಿ ಓಡಾಡತೊಡಗಿದರು.

ಉಳಿದ ದಿನಗಳೆಲ್ಲ ಇಂತಹ ಸಣ್ಣಪುಟ್ಟ ಕೆಲಸಗಳಲ್ಲಿಯೇ ಕಳೆದವು. ರೈತರು ಹೆದರದೆ ಪೈರು ಕೊಯ್ಯುವಂತೆ ನೋಡಿಕೊಳ್ಳುವುದು, ಮರಳುಚೀಲಗಳ ಕಾವಲುಕಟ್ಟೆಯನ್ನು ಹತ್ತು ಗಜ ಹಿಂದಕ್ಕೆ ಸರಿಸಲು ಗಂಟೆಗಟ್ಟಲೆ ಮಾತನಾಡುವುದು. ವಿಶ್ವಸಂಸ್ಥೆಯ ಸಂಧಾನಕಾರ ಗಾಲೊ ಪ್ಲಾಜಾ ಅವರ 1965ರ ವರದಿಯನ್ನು ತುರ್ಕಿ ತಿರಸ್ಕರಿಸಿದ ಮೇಲೆ ರಾಜಕೀಯ ಪರಿಹಾರದ ಬಾಗಿಲು ಮುಚ್ಚಿತು. ಸಮಸ್ಯೆಯನ್ನು ಬಗೆಹರಿಸದೆ ಹೆಪ್ಪುಗಟ್ಟಿಸಿದರು ಎಂದು ಶಾಂತಿಪಡೆಯನ್ನು ಟೀಕಿಸಿದವರುಂಟು. ಆ ಟೀಕೆಯಲ್ಲಿ ಹುರುಳಿಲ್ಲದಿಲ್ಲ. ಆದರೆ ಬಗೆಹರಿಸುವುದು ಸೈನಿಕನ ಅಧಿಕಾರದಲ್ಲಿರಲಿಲ್ಲ; ಹೊರಗಿನವರು ನುಗ್ಗಲು ಕಾರಣ ಸಿಗದಂತೆ ಕಾಯುವುದಷ್ಟೇ ಅವರ ಪಾಲಿಗೆ ಬಂದದ್ದು. ಅವರಿದ್ದಷ್ಟು ಕಾಲ ಕೊಕ್ಕಿನಾದಂತಹ ವಿಮಾನದಾಳಿ ಮರುಕಳಿಸಲಿಲ್ಲ.

ತಿಮ್ಮಯ್ಯನವರ ಪಾರ್ಥಿವ ಶರೀರವನ್ನು ಬೆಂಗಳೂರಿಗೆ ತಂದು ಸಮಾಧಿ ಮಾಡಲಾಯಿತು. 1966ರಲ್ಲಿ ಸೈಪ್ರಸ್ ಸರಕಾರ ಅವರ ನೆನಪಿಗೆ ಅಂಚೆಚೀಟಿಯನ್ನು ಹೊರಡಿಸಿತು. ಲಾರ್ನಾಕಾ ಪಟ್ಟಣದ ಬೀದಿಯೊಂದಕ್ಕೆ ಅವರ ಹೆಸರಿದೆ. 1974ರ ಜುಲೈಯಲ್ಲಿ ಗ್ರೀಸಿನ ಸೈನಿಕ ಆಡಳಿತಗಾರರು ಮಕಾರಿಯೋಸರನ್ನು ಪದಚ್ಯುತಗೊಳಿಸಿದಾಗ, ಹತ್ತು ವರ್ಷ ತಡೆದಿದ್ದ ತುರ್ಕಿಯ ಸೈನ್ಯ ಕಡೆಗೂ ಬಂದಿಳಿದು ದ್ವೀಪದ ಉತ್ತರಭಾಗವನ್ನು ಹಿಡಿಯಿತು. ಶಾಂತಿಪಡೆ ಇಂದಿಗೂ ಅಲ್ಲಿದೆ. ನಿಕೋಸಿಯದ ಪವಿತ್ರ ಶಿಲುಬೆಯ ಕಥೋಲಿಕ ದೇವಾಲಯ ಅದೇ ಹಸಿರು ಗೆರೆಯ ನಡುವಣ ಪಟ್ಟಿಯಲ್ಲಿ ನಿಂತಿದೆ. ಜಗದ್ಗುರು 16ನೆಯ ಬೆನೆಡಿಕ್ಟರು 2010ರಲ್ಲಿ ಅಲ್ಲಿ ಬಲಿಪೂಜೆ ಅರ್ಪಿಸಿದರು; ಜಗದ್ಗುರು ಫ್ರಾನ್ಸಿಸರು 2021ರ ಡಿಸೆಂಬರಿನಲ್ಲಿ ವಲಸಿಗರೊಡನೆ ಅಲ್ಲಿ ಪ್ರಾರ್ಥಿಸಿದರು. ಮಡಿಕೇರಿಯಲ್ಲಿ ತಿಮ್ಮಯ್ಯನವರ ಮನೆ ಸನ್ನಿ ಸೈಡ್ ವಸ್ತುಸಂಗ್ರಹಾಲಯವಾಗಿ ಅದೇ 2021ರ ಫೆಬ್ರವರಿಯಲ್ಲಿ ಸಾರ್ವಜನಿಕರಿಗೆ ತೆರೆಯಿತು.