ಹೇಗ್ ನ್ಯಾಯಪೀಠದಲ್ಲಿ ಮಂಗಳೂರಿನ ಬಿ.ಎನ್. ರಾವ್

ಸಂವಿಧಾನವೆಂದರೆ ನಮಗೆ ಡಾ. ಅಂಬೇಡ್ಕರರ ನೆನಪಾಗುತ್ತದೆ, ಆಗಲೇಬೇಕು. ಅವರ ಕರಡು ಸಮಿತಿಯ ಕೈಗೆ ಬಂದ ಮೊದಲ ಕರಡನ್ನು ಸಿದ್ಧಪಡಿಸಿದವರು ಸಂವಿಧಾನ ಸಭೆಯ ಸಲಹೆಗಾರರಾಗಿದ್ದ ಸರ್ ಬೆನಗಲ್ ನರಸಿಂಗ ರಾವ್ ಎಂಬುದು ನಮ್ಮ ಓದುಗರಲ್ಲಿ ಅನೇಕರಿಗೆ ತಿಳಿದಿರಬಹುದು. ರಾಷ್ಟ್ರ ರಾಷ್ಟ್ರಗಳ ನಡುವಿನ ಕಾನೂನಿಗೆ ಅವರು ಸಲ್ಲಿಸಿದ ಸೇವೆಯನ್ನು ಮಾತ್ರ ನಾವು ಮರೆತಿದ್ದೇವೆ.

1887ರಲ್ಲಿ ಜನಿಸಿದ ರಾವ್ ಕೊಂಕಣಿ ಮಾತನಾಡುವ ಸಾರಸ್ವತ ಮನೆತನದವರು. ಮಂಗಳೂರಿನ ಕೆನರಾ ಹೈಸ್ಕೂಲು, ಮದ್ರಾಸು, ಬಳಿಕ ಕೇಂಬ್ರಿಜ್. ಐ.ಸಿ.ಎಸ್. ಮುಗಿಸಿ ಬಂಗಾಳದಲ್ಲಿ ಸೇವೆಗೆ ಸೇರಿದರು. ರಿಸರ್ವ್ ಬ್ಯಾಂಕಿನ ಗವರ್ನರ್ ಆಗಿದ್ದ ರಾಮರಾವ್ ಮತ್ತು ಪತ್ರಕರ್ತ ಶಿವರಾವ್ ಇವರ ತಮ್ಮಂದಿರು.

1941ರಲ್ಲಿ ಸಿಂಧೂ ನದಿಯ ವ್ಯಾಜ್ಯ ಅವರ ಮುಂದೆ ಬಂತು. ಮೇಲಿನ ಪಂಜಾಬ್ ಅಣೆಕಟ್ಟು ಕಟ್ಟಿದರೆ ತನ್ನ ಕಾಲುವೆಗಳು ಬತ್ತುತ್ತವೆ ಎಂಬುದು ಕೆಳಗಿನ ಸಿಂಧ್ ಪ್ರಾಂತ್ಯದ ದೂರು. ನೇತ್ರಾವತಿಯ ನೀರಿಗಾಗಿ ದನಿ ಎತ್ತಿದ ನಮ್ಮ ಜನರಿಗೆ ಈ ಭಯ ಹೊಸದಲ್ಲ. ನದಿ ಮೇಲಿನವನ ಸ್ವತ್ತೂ ಅಲ್ಲ, ಹರಿವು ಕಿಂಚಿತ್ತೂ ಕುಗ್ಗಬಾರದೆಂಬ ಹಕ್ಕು ಕೆಳಗಿನವನಿಗೂ ಇಲ್ಲ, ಇಬ್ಬರಿಗೂ ನ್ಯಾಯವಾದ ಪಾಲು ಸಲ್ಲಬೇಕು ಎಂಬ ತತ್ವವನ್ನು ರಾವ್ ಆಯೋಗ 1942ರ ವರದಿಯಲ್ಲಿ ಎತ್ತಿ ಹಿಡಿಯಿತು. ಐದೇ ವರ್ಷಗಳಲ್ಲಿ ದೇಶ ಒಡೆಯಿತು. ಪ್ರಾಂತ್ಯಗಳ ಜಗಳ ಎರಡು ದೇಶಗಳ ಜಗಳವಾಯಿತು. 1960ರಲ್ಲಿ ಒಪ್ಪಂದವಾಯಿತು. ಪಹಲ್ಗಾಮ್ ಹತ್ಯಾಕಾಂಡದ ನಂತರ, 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ಅಮಾನತಿನಲ್ಲಿಟ್ಟಿತು. ಒಂದು ದೇಶ ತಾನಾಗಿಯೇ ಹೀಗೆ ಮಾಡಬಹುದೇ ಎಂದು ಕಾನೂನು ಪಂಡಿತರು ವಾದಿಸತೊಡಗಿದರು. ಈ ವಾದದಲ್ಲಿ ತೊಡಗುವವರು ರಾವ್ ಅವರ ವರದಿಯನ್ನೊಮ್ಮೆ ಓದುವುದು ಒಳಿತೆಂದು ನಮಗನಿಸುತ್ತದೆ.

ವಿಶ್ವಸಂಸ್ಥೆಯಲ್ಲಿ ಅವರು ಭಾರತದ ಪ್ರತಿನಿಧಿಯಾದರು. 1950ರ ಜೂನ್‌ನಲ್ಲಿ ಕೊರಿಯಾ ಯುದ್ಧ ಆರಂಭವಾದಾಗ ಭದ್ರತಾ ಮಂಡಳಿಯ ಅಧ್ಯಕ್ಷಪೀಠದಲ್ಲಿದ್ದವರು ಇವರೇ. ದಕ್ಷಿಣ ಕೊರಿಯಾಕ್ಕೆ ನೆರವು ನೀಡಬೇಕೆಂಬ ನಿರ್ಣಯ ಬಂದ ದಿನ ದೆಹಲಿಯ ಸೂಚನೆ ತಲುಪಿರಲಿಲ್ಲ. ರಾವ್ ಮತ ಹಾಕಲಿಲ್ಲ. ಎರಡು ದಿನಗಳ ಬಳಿಕ ಭಾರತ ಆ ನಿರ್ಣಯವನ್ನು ಒಪ್ಪಿತು.

1952ರಲ್ಲಿ ಅವರು ಹೇಗ್‌ನ ಅಂತರರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ನಮಗೆ ಅತ್ಯಂತ ಮೆಚ್ಚುಗೆಯಾಗುವ ಸಂಗತಿ ಅಲ್ಲಿಯದು. ಇರಾನ್ ತನ್ನ ತೈಲೋದ್ಯಮವನ್ನು ರಾಷ್ಟ್ರೀಕರಿಸಿದ್ದರಿಂದ ಬ್ರಿಟನ್ ದಾವೆ ಹೂಡಿತ್ತು. ಇಡೀ ಜಗತ್ತಿನ ಕಣ್ಣು ಆ ಮೊಕದ್ದಮೆಯ ಮೇಲಿತ್ತು. ಹೊಸ ನ್ಯಾಯಾಧೀಶರಿಗೆ ಇದಕ್ಕಿಂತ ದೊಡ್ಡ ಅವಕಾಶ ಯಾವುದು? ಆದರೆ ಇದೇ ವಿವಾದದ ದೂರು 1951ರಲ್ಲಿ ಭದ್ರತಾ ಮಂಡಳಿಗೆ ಬಂದಾಗ ರಾವ್ ಅಲ್ಲಿ ಭಾರತದ ಪರವಾಗಿ ಕುಳಿತಿದ್ದರು. ಆ ಕಾರಣ ನೀಡಿ ಅವರು ವಿಚಾರಣೆಯಿಂದ ಹಿಂದೆ ಸರಿದರು. ಜುಲೈ 22ರಂದು, ಈ ವ್ಯಾಜ್ಯ ತನ್ನ ಅಧಿಕಾರವ್ಯಾಪ್ತಿಗೆ ಬರುವುದಿಲ್ಲವೆಂದು ನ್ಯಾಯಾಲಯ 9-5ರ ಬಹುಮತದಿಂದ ತೀರ್ಪಿತ್ತಿತು. ಬ್ರಿಟನ್ನಿನವರೇ ಆದ ನ್ಯಾಯಾಧೀಶ ಮೆಕ್‌ನೇರ್ ಸಹ ಬಹುಮತದ ಜೊತೆಗಿದ್ದರು. ಸ್ವದೇಶದ ವಿರುದ್ಧ ಮತ ನೀಡುವುದು ಸುಲಭದ ಕೆಲಸವಲ್ಲ.

ಒಂಬತ್ತು ವರ್ಷಗಳ ಅವಧಿಗೆ ಆಯ್ಕೆಯಾಗಿದ್ದ ರಾವ್ ಎರಡು ವರ್ಷವನ್ನೂ ಪೂರೈಸಲಿಲ್ಲ. 1953ರ ನವೆಂಬರ್ 30ರಂದು ಜೂರಿಚ್‌ನಲ್ಲಿ ನಿಧನರಾದರು. ಅವರಿಂದ ತೆರವಾದ ಸ್ಥಾನಕ್ಕೆ ಮರುವರ್ಷ ಆರಿಸಿ ಬಂದವರು ಪಾಕಿಸ್ತಾನದ ವಿದೇಶಾಂಗ ಮಂತ್ರಿ ಜಫರುಲ್ಲಾ ಖಾನ್.