ನಾಲ್ವಡಿ ಕೃಷ್ಣರಾಜ ಒಡೆಯರು

ಮೈಸೂರಿನ ದೊರೆ ನಾಲ್ವಡಿ ಕೃಷ್ಣರಾಜ ಒಡೆಯರು ಜನಿಸಿದುದು 1884ರಲ್ಲಿ. ಹತ್ತನೆಯ ವಯಸ್ಸಿನಲ್ಲಿಯೇ ಅವರು ತಂದೆಯನ್ನು ಕಳೆದುಕೊಂಡರು. ತಾಯಿ ಕೆಂಪನಂಜಮ್ಮಣ್ಣಿಯವರು ರಾಜಪ್ರತಿನಿಧಿಯಾಗಿ ಆಡಳಿತ ನಡೆಸಿದರು. 1902ರಲ್ಲಿ ರಾಜ್ಯಭಾರವು ಮಗನ ಕೈಸೇರಿತು.

ಕನ್ನಂಬಾಡಿ ಕಟ್ಟೆ, ಮೈಸೂರು ವಿಶ್ವವಿದ್ಯಾನಿಲಯಗಳು ಅವರ ಆಳ್ವಿಕೆಯ ಕೊಡುಗೆಗಳು. ಆದರೆ ಅವರ ನ್ಯಾಯಬುದ್ಧಿಗೆ ಪರೀಕ್ಷೆ ಒದಗಿದುದು 1918ರಲ್ಲಿ. ಆಗ ಸರ್ಕಾರದ ಹುದ್ದೆಗಳು ಬಹುಪಾಲು ಒಂದೇ ಜಾತಿಯವರಲ್ಲಿದ್ದವು. ಹಿಂದುಳಿದವರಿಗೂ ಪಾಲು ದೊರಕಿಸಲು ಅವರು ಮಿಲ್ಲರ್ ಸಮಿತಿಯನ್ನು ನೇಮಿಸಿದರು. ಇದರಿಂದ ಆಡಳಿತದ ದಕ್ಷತೆ ಕುಂದೀತೆಂದು ಭಾವಿಸಿದ ದಿವಾನ ವಿಶ್ವೇಶ್ವರಯ್ಯನವರು ಅಧಿಕಾರವನ್ನು ತೊರೆದರು. ಅಂತಹ ಸಮರ್ಥನನ್ನು ಕಳೆದುಕೊಂಡರೂ ದೊರೆ ಹಿಂಜರಿಯಲಿಲ್ಲ. 1921ರಲ್ಲಿ ಸಮಿತಿಯ ಶಿಫಾರಸುಗಳನ್ನು ಅಂಗೀಕರಿಸಿದರು.

1940ರಲ್ಲಿ ಅವರು ಕಾಲವಾದರು. ಮುಂದೆ ಅರಸೊತ್ತಿಗೆಯೂ ಅಳಿಯಿತು. ಆದರೆ ಬಡವರ ಮಕ್ಕಳಿಗೂ ಅಧಿಕಾರದ ಬಾಗಿಲನ್ನು ತೆರೆದ ರಾಜರ್ಷಿಯ ಕೀರ್ತಿ ಮಾತ್ರ ಕನ್ನಡ ನಾಡಿನಲ್ಲಿ ಅಳಿಯದೆ ಉಳಿದಿದೆ.