ಇಂದಿನ ಚಿಂತನೆ: ಕೇಸು ಸಿಗದ ಬ್ಯಾರಿಸ್ಟರ್



ಎಲ್‌ಎಲ್‌ಬಿ ಮುಗಿಸಿದ ನನ್ನ ಹಳೆಯ ವಿದ್ಯಾರ್ಥಿ ನಿನ್ನೆ ಇಳಕಲ್ಲಿನ ನಮ್ಮ ಮನೆಗೆ ಬಂದಿದ್ದ. ಜೂನಿಯರ್ ಆಗಿ ಸೇರಲು ಮೂರು ಕಡೆ ಕೇಳಿದನಂತೆ. ಊರು ಕೇಳಿದರು, ಓಣಿ ಕೇಳಿದರು, ಆಮೇಲೆ ನೋಡೋಣ ಎಂದರು. ವಕೀಲಿಯೇ ಬೇಡ ಎನ್ನುತ್ತಿದ್ದ.

ಅವನಿಗೆ ಬಾಬಾಸಾಹೇಬರ 1923ರ ದಿನಗಳನ್ನು ಹೇಳಿದೆ. ಲಂಡನ್ನಿನಲ್ಲಿ ಬ್ಯಾರಿಸ್ಟರ್ ಆಗಿ ಬಂದು ಮುಂಬಯಿ ಹೈಕೋರ್ಟಿನಲ್ಲಿ ವಕೀಲಿ ಶುರುಮಾಡಿದರು. ಬಾದಾಮಿ, ಹುನಗುಂದ, ಬಾಗಲಕೋಟೆಗಳೂ ಆಗ ಮುಂಬಯಿ ಪ್ರಾಂತದವೇ. ಬ್ಯಾರಿಸ್ಟರಿಗೆ ಕೇಸು ಕೊಡಬೇಕಾದವರು ಸಾಲಿಸಿಟರುಗಳು. ಅಸ್ಪೃಶ್ಯನೆಂದು ಅವರು ಕೊಡಲಿಲ್ಲ. ಬಾಬಾಸಾಹೇಬರು ಜಿಲ್ಲಾ ಕೋರ್ಟುಗಳ ಕೇಸು ಹಿಡಿದರು. 1925ರಿಂದ ಬಾಟ್ಲಿಬಾಯ್ ಸಂಸ್ಥೆಯಲ್ಲಿ ವಾಣಿಜ್ಯ ಕಾನೂನು ಕಲಿಸಿ ಮನೆ ನಡೆಸಿದರು. 1926ರಲ್ಲಿ ಬ್ರಾಹ್ಮಣೇತರ ನಾಯಕರ ಪರ ಮಾನನಷ್ಟ ಮೊಕದ್ದಮೆ ಗೆದ್ದ ಮೇಲೆ ಹೆಸರು ಹರಡಿತು.

ಸಮ್ಯಕ್ ವ್ಯಾಯಾಮ ಎಂದರೆ ಇದೇ.

ಹುಡುಗ ಮತ್ತೆ ಕೇಳಲು ಒಪ್ಪಿದ್ದಾನೆ. ನಮ್ಮ ಬಳಗದ ವಕೀಲರು ದಯವಿಟ್ಟು ನನಗೊಂದು ಫೋನ್ ಮಾಡಿ.

ಭವತು ಸಬ್ಬ ಮಂಗಲಂ.